ಅಲೆಯಿಲ್ಲದ ಕಡಲಿನ ದಡದಲ್ಲಿ

"ಉಮ್ಮಾ, ಈ ಕಡಲಿನಲ್ಲಿ ಅಲೆಯೇ ಇಲ್ಲವಲ್ಲ!"

ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯಲ್ಲಿ ಹೊಳೆಬಾಗಿಲು ತಲುಪಿದಾಗ ನನ್ನ ಕಿರಿಯ ಮಗ ಕೂಗಿ ಹೇಳಿದ ಮಾತಿದು. ಪಣಂಬೂರು, ಉಳ್ಳಾಲದ ತೆರೆಗಳನ್ನು ಮಾತ್ರ ಕಂಡ ಮಕ್ಕಳಿಗೆ ಶರಾವತಿಯ ಹಿನ್ನೀರು ಹಾಗೆಯೇ ಕಾಣುತ್ತದೆ. ಕಣ್ಣು ಹಾಯಿಸಿದಷ್ಟು ದೂರ ನೀರು, ನಡುವೆ ಹಸಿರು ದ್ವೀಪಗಳು, ಸುತ್ತ ಮಲೆನಾಡಿನ ಗುಡ್ಡಗಳು. ಸುಬ್‌ಹಾನಲ್ಲಾಹ್ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಸಿಗಂದೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ಚೌಡೇಶ್ವರಿ ದೇವಸ್ಥಾನ. ಆದರೆ ಗದ್ದಲವಿಲ್ಲದ ಜಾಗದಲ್ಲಿ ಮಕ್ಕಳೊಂದಿಗೆ ಅರ್ಧ ದಿನ ಕಳೆಯಬೇಕೆನ್ನುವ ಯಾವ ಕುಟುಂಬಕ್ಕೂ ಈ ಹಿನ್ನೀರಿನ ದಡ ಒಪ್ಪುತ್ತದೆ. ಇಲ್ಲಿ ಜೋಕಾಲಿ, ಜಾರುಬಂಡೆಗಳ ಉದ್ಯಾನವನ್ನು ನಿರೀಕ್ಷಿಸಬೇಡಿ. ಕೆಮ್ಮಣ್ಣಿನ ದಡ, ಮರದ ನೆರಳು, ತಣ್ಣನೆಯ ಗಾಳಿ ಇಷ್ಟೇ. ಬುತ್ತಿ, ಕುಡಿಯುವ ನೀರು, ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ ನೀವೇ ಕಟ್ಟಿಕೊಂಡು ಹೋಗಿ.

ಒಂದು ಮಾತನ್ನು ಮಾತ್ರ ತಾಯಂದಿರು ಮರೆಯಬಾರದು. ಕಡಲು ತನ್ನ ಅಬ್ಬರದಿಂದಲೇ ನಮ್ಮನ್ನು ಎಚ್ಚರಿಸುತ್ತದೆ. ಹಿನ್ನೀರು ಎಚ್ಚರಿಸುವುದಿಲ್ಲ. ಇದು ಅಣೆಕಟ್ಟಿನ ನೀರು. ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ನೀರು ಇಳಿದಲ್ಲಿ ಕಾಲು ಹೂತುಹೋಗುವ ಕೆಸರು, ಮುಳುಗಿದ ಮರಗಳ ಬೊಡ್ಡೆಗಳು ಇರುತ್ತವೆ. ಮೊಣಕಾಲು ಮಟ್ಟದ ನೀರು ಮುಂದಿನ ಹೆಜ್ಜೆಗೆ ಆಳವಾಗಬಹುದು. ನಾನು ಬುತ್ತಿ ಬಿಚ್ಚುತ್ತಿದ್ದ ಎರಡು ನಿಮಿಷದಲ್ಲಿ ಮಗ ಚಪ್ಪಲಿ ಹಿಡಿಯಲು ನೀರಿಗೆ ಇಳಿದಿದ್ದ. ಅವನ ಅಬ್ಬ ಓಡಿಹೋಗಿ ಕೈ ಹಿಡಿದು ಎಳೆದಾಗ ಅವನು ಸೊಂಟದವರೆಗೆ ಒದ್ದೆಯಾಗಿದ್ದ. ಅಲ್‌ಹಮ್ದುಲಿಲ್ಲಾಹ್, ಅಷ್ಟಕ್ಕೇ ಮುಗಿಯಿತು. ಆ ಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು: ದೊಡ್ಡವರಲ್ಲಿ ಒಬ್ಬರು ಬೇರೆ ಯಾವ ಕೆಲಸವನ್ನೂ ಮಾಡದೆ, ಮೊಬೈಲನ್ನೂ ಮುಟ್ಟದೆ, ಮಕ್ಕಳನ್ನು ನೋಡುತ್ತಿರುವುದು. ನೀವೂ ಹಾಗೆಯೇ ಮಾಡಿ. ದೋಣಿ ಹತ್ತುವುದಾದರೆ ಮಗುವಿನ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇದ್ದರೆ ಮಾತ್ರ ಹತ್ತಿಸಿ.

ಇನ್ನೊಂದು ಎಚ್ಚರ ಕಾಡಿನದು. ಮಳೆಗಾಲದಲ್ಲಿ ಉಂಬಳಗಳ ಕಾಟವಷ್ಟೆ. ಆದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ಕಡೆ ಮಂಗನ ಕಾಯಿಲೆಯ ಭಯವಿರುತ್ತದೆ. ಇದು ಉಣುಗು ಕಚ್ಚುವುದರಿಂದ ಬರುವ ಜ್ವರ. ಇದೇ ಸಾಗರ ತಾಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಹಲವರು ಇದಕ್ಕೆ ಬಲಿಯಾದರು. ಒಣಗಿದ ತರಗೆಲೆಗಳ ಮೇಲೆ ಮಕ್ಕಳನ್ನು ಕೂರಿಸಬೇಡಿ. ಮೈತುಂಬಾ ಬಟ್ಟೆ ಹಾಕಿಸಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿಸಿ. ಆ ಬಳಿಕ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ. ಮಳೆ ನಿಂತು ಜಲಾಶಯ ತುಂಬಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳೇ ಇಲ್ಲಿಗೆ ಬರಲು ಒಳ್ಳೆಯವು.

ಊಟದ ಹೊತ್ತಿಗೆ ದಡದಲ್ಲಿ ತುಮರಿ ಕಡೆಯ ವಯಸ್ಸಾದ ಅಮ್ಮ ಒಬ್ಬರು ಮಾತಿಗೆ ಸಿಕ್ಕಿದರು. ನೀರಿನ ಕಡೆ ಕೈತೋರಿಸಿ, "ಆ ದಿಬ್ಬದ ಕೆಳಗೆ ನಮ್ಮ ಅಪ್ಪನ ಅಡಿಕೆ ತೋಟ ಇತ್ತು ಮಗಾ" ಎಂದರು. ಮಕ್ಕಳು ಕಣ್ಣರಳಿಸಿ ನೋಡಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಎಷ್ಟೋ ಊರುಗಳು, ಗದ್ದೆ ತೋಟಗಳು ನೀರಿನಡಿ ಸೇರಿದವು. 1948ರಲ್ಲಿ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಇದರಲ್ಲೇ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮತ್ತೆ ತಲೆ ಎತ್ತುತ್ತದೆ. ಈ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಮ್ಮ ಮನೆಗಳಲ್ಲಿ ದೀಪ ಉರಿಯಲೆಂದು ಮನೆ ಬಿಟ್ಟವರಲ್ಲಿ ಅನೇಕ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿವೆ.

ಊರು ಉಳಿದವರ ಪಾಡೂ ಸುಲಭದ್ದಾಗಿರಲಿಲ್ಲ. ಆಚೆ ದಡದವರಿಗೆ ಸಾಗರ ಸೇರಲು ಲಾಂಚೇ ಗತಿಯಾಗಿತ್ತು. ನಮಗೆ ಮೋಜೆನಿಸಿದ ಆ ಲಾಂಚ್ ರಾತ್ರಿ ಇರುತ್ತಿರಲಿಲ್ಲ. "ಹೆರಿಗೆ ನೋವು ಲಾಂಚಿನ ಟೈಮ್ ನೋಡಿ ಬರ್ತದಾ?" ಎಂದು ಆ ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಈಗ ನಾವು ಕೆಲವೇ ನಿಮಿಷಗಳಲ್ಲಿ ದಾಟುವ ಈ ದಾರಿಗಾಗಿ ಅವರು ಅರುವತ್ತು ವರ್ಷ ಕಾದಿದ್ದರು.

ಝುಹರ್ ನಮಾಝಿಗೆ ವುಝೂ ಮಾಡುವಾಗ ಕಿರಿಯವನು ನೀರು ಎರಚಾಡತೊಡಗಿದ. ಹರಿಯುವ ನದಿಯ ಬಳಿ ಇದ್ದರೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿಯವರು(ಸ) ಕಲಿಸಿದ್ದನ್ನು ಅಕ್ಕ ಅವನಿಗೆ ನೆನಪಿಸಿದಳು. "ಇಷ್ಟೊಂದು ನೀರಿದೆಯಲ್ಲ?" ಎಂದ ಅವನು. "ಇದರ ಕೆಳಗೆ ಆ ಅಜ್ಜಿಯ ತೋಟ ಇದೆ" ಎಂದಳು ಆಕೆ. ಅವನು ಸುಮ್ಮನಾದ.

ಮನೆಗೆ ಮರಳಿದ ಮೇಲೆ ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಆರಿಸಲು ಈಗ ಅವನೇ ಓಡುತ್ತಾನೆ. ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ. ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳಿ, ಆ ನೀರಿನ ಕಥೆಯನ್ನೂ ಹೇಳಿ.