ಬಿಳಿಮೀನಿನ ಬೆನ್ನು ಹತ್ತಿ

ಮೀನು ಹಿಡಿದವನು ಕಥೆ ಹೇಳುವಾಗ ಅವನ ಎರಡು ಕೈಗಳನ್ನೂ ಕಟ್ಟಿಹಾಕಬೇಕೆಂದು ಹಾಸ್ಯವಾಗಿ ಹೇಳುವುದುಂಟು. ಕೈಗಳು ಅಗಲಿದಷ್ಟೂ ಮೀನು ಉದ್ದವಾಗುತ್ತ ಹೋಗುತ್ತದೆಯಲ್ಲವೆ! ಆದರೆ ಕಾವೇರಿಯ ದಡದಲ್ಲಿ ಕುಳಿತು ಒಂದು ಇಡೀ ದಿನ ನನಗೆ ಕಥೆ ಹೇಳಿದ ಹಿರಿಯರು ಎಡಗೈಯನ್ನು ಮಡಿಲಿನಿಂದ ಮೇಲೆತ್ತಿದ್ದೇ ಅಪರೂಪ. ಆ ಕೈಯಲ್ಲಿ ಎರಡು ಬೆರಳುಗಳಿರಲಿಲ್ಲ.

ಅವರ ಪರಿಚಯವಾದ ಬಗೆ ಸ್ವಾರಸ್ಯವಾದುದು. ಕಳೆದ ವರ್ಷ ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ವಿಷಯ ಹೇಳುತ್ತ, ಮೂರನೆಯ ಸೋಮೇಶ್ವರನು ಸುಮಾರು ೧೧೩೦ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಪ್ರಸ್ತಾಪ ಮಾಡಿದೆ. ರಾಜನೀತಿಯಿಂದ ಹಿಡಿದು ಅಡುಗೆಯವರೆಗೆ ಎಲ್ಲವೂ ಇರುವ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೂ ಒಂದುಂಟು. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಯಾವ ಆಹಾರ ಹಾಕಿ ಮೊದಲು ಒಲಿಸಿಕೊಳ್ಳಬೇಕು, ಗಾಳ ಹೇಗಿರಬೇಕು ಎಂಬುದನ್ನೆಲ್ಲ ರಾಜನು ಅಕ್ಕರೆಯಿಂದ ವಿವರಿಸಿದ್ದಾನೆ. ನಾನು ಇದನ್ನು ಹೇಳುತ್ತಿರಲು ಹಿಂದಿನ ಬೆಂಚಿನಿಂದ ಹಲಗೂರಿನ ಕಡೆಯ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಇದೆಲ್ಲ ನಮ್ಮ ತಾತನಿಗೆ ಗೊತ್ತು” ಎಂದನು. ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಮುಂದಿನ ಮಾಘಮಾಸದಲ್ಲಿ, ನದಿಯ ನೀರು ತಿಳಿಯಾದ ಹೊತ್ತು ನೋಡಿಕೊಂಡು, ಪ್ರಾಣಿಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರ ಜೊತೆಗೆ ಆ ತಾತನನ್ನು ಕಾಣಲು ಹೊರಟೆ.

ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರುಗಳ ಮೇಲೆ ಸುಮಾರು ೧೦೦ ಕಿಲೋಮೀಟರು ಸಾಗಿದರೆ ಭೀಮೇಶ್ವರಿ. ಹಲಗೂರನ್ನು ಬಿಟ್ಟ ಮೇಲೆ ಹೊಲಗಳು ಕ್ರಮೇಣ ಹಿಂದೆ ಸರಿದು ಕುರುಚಲು ಕಾಡಿನ ಗುಡ್ಡಗಳು ಮುಂದೆ ಬರುತ್ತವೆ. ಬಿಸಿಲಿಗೆ ಬೆಂದ ಆ ಗುಡ್ಡಗಳ ನಡುವೆ ರಸ್ತೆ ಇಳಿಯುತ್ತಿದ್ದಂತೆ, ಎದುರಿಗೆ ಹೊಳೆಮತ್ತಿಯ ಮರಗಳ ಹಸಿರು ಸಾಲು ಕಾಣುತ್ತದೆ; ಆ ಸಾಲಿನ ಹಿಂದೆ ಕಾವೇರಿ. ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕಿ ಆರ್ಭಟಿಸಿದ ನದಿ ಇಲ್ಲಿ ಬಂಡೆಗಳ ಸಂದಿಯಲ್ಲಿ ನುಸುಳಿ, ಮಡುಗಳಲ್ಲಿ ನಿಂತು, ಮತ್ತೆ ಮೇಕೆದಾಟಿನ ಇಕ್ಕಟ್ಟಿನ ಕಡೆಗೆ ಸಾಗುತ್ತದೆ.

ದಾರಿಯಲ್ಲಿ ಮುತ್ತತ್ತಿಯ ಆಂಜನೇಯನಿಗೆ ಕೈಮುಗಿಯದೆ ಮುಂದೆ ಹೋಗುವಂತಿಲ್ಲ. ಸೀತಾದೇವಿಯು ಇಲ್ಲಿ ಸ್ನಾನ ಮಾಡುವಾಗ ಅವಳ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ. ಹನುಮಂತನು ತನ್ನ ಬಾಲದಿಂದ ಮಡುವನ್ನು ಕಲಕಿ ಅದನ್ನು ಮೇಲೆತ್ತಿ ಕೊಟ್ಟು ‘ಮುತ್ತೆತ್ತಿರಾಯ’ನಾದನಂತೆ. “ಹಾಗಾದರೆ ಈ ಹೊಳೆಯಲ್ಲಿ ಮೊದಲು ಗಾಳ ಹಾಕಿದವನು ಆಂಜನೇಯನೇ!” ಎಂದರು ನನ್ನ ಮಿತ್ರರು. ಭಕ್ತಿಯೊಡನೆ ಇಲ್ಲಿ ಭಯವೂ ಅಗತ್ಯ. ಮೇಲೆ ಶಾಂತವಾಗಿ ಕಾಣುವ ಈ ನೀರಿನ ಸುಳಿಗಳು ಈಜಲು ಇಳಿದ ಎಷ್ಟೋ ಮಂದಿಯನ್ನು ಹಿಂದಿರುಗಿ ಕಳುಹಿಸಿಲ್ಲ.

ತಾತನವರು ಹರಿಗೋಲಿನ ಪಕ್ಕದಲ್ಲಿಯೇ ನಮಗಾಗಿ ಕಾದಿದ್ದರು. ವಯಸ್ಸು ಎಪ್ಪತ್ತರ ಆಸುಪಾಸು. ಕಪ್ಪು ಬಂಡೆಯಿಂದ ಕಡೆದಂಥ ಮೈಕಟ್ಟು. ಮೂವತ್ತು ವರ್ಷಗಳಿಗೂ ಮೇಲೆ ದೇಶವಿದೇಶಗಳ ಗಾಳಗಾರರಿಗೆ ಬಿಳಿಮೀನಿನ ಜಾಡು ತೋರಿಸಿದ ಮಾರ್ಗದರ್ಶಿ ಇವರು. ಬಿಳಿಮೀನೆಂದರೆ ಇಂಗ್ಲಿಷಿನವರು ‘ಮಶೀರ್’ ಎಂದು ಕರೆಯುವ ಮೀನು. ನಮ್ಮ ಕಾವೇರಿಯ ಬಿಳಿಮೀನಿಗೆ ಬೆನ್ನಿನ ಮೇಲೆ ಡುಬ್ಬ, ಈಜುರೆಕ್ಕೆಗಳಿಗೆ ಕಿತ್ತಳೆಯ ಬಣ್ಣ. ಮದರಾಸು ಸರ್ಕಾರದ ಅಧಿಕಾರಿಯಾಗಿದ್ದ ಥಾಮಸ್ ಎಂಬುವರು ೧೮೭೩ರಲ್ಲಿಯೇ ಭಾರತದ ಗಾಳಗಾರಿಕೆಯನ್ನು ಕುರಿತು ಪುಸ್ತಕ ಬರೆದು ಈ ಜಾತಿಯ ಮೀನುಗಳನ್ನು ಹೊಗಳಿದ್ದರು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು, ಅಂದರೆ ಸುಮಾರು ೫೪ ಕಿಲೋ ತೂಕದ ಮೀನನ್ನು ಹಿಡಿದರು. ಒಬ್ಬ ವಯಸ್ಕ ಮನುಷ್ಯನ ತೂಕಕ್ಕೆ ಸಮೀಪವಾದ ಮೀನು!

“ಮೇಷ್ಟ್ರೇ, ಮೊದ್ಲು ಮುದ್ದೆ ನೋಡ್ಬುಡಿ. ಆಮೇಲೆ ಮೀನು” ಎನ್ನುತ್ತ ತಾತನವರು ಬಾಳೆಯೆಲೆಯನ್ನು ಬಿಚ್ಚಿದರು. ಒಳಗೆ ನಿಂಬೆಹಣ್ಣಿನ ಗಾತ್ರದ ರಾಗಿಯ ಉಂಡೆಗಳು. ರಾಗಿಹಿಟ್ಟಿಗೆ ಮಸಾಲೆ ಬೆರೆಸಿ, ಗಟ್ಟಿಯಾಗಿ ನಾದಿ ಬೇಯಿಸಬೇಕಂತೆ. ಮೆತ್ತಗಾದರೆ ಹೊಳೆಯ ಸೆಳೆತಕ್ಕೆ ಕರಗಿಹೋಗುತ್ತದೆ. ಕಲ್ಲಾದರೆ ಮೀನು ಉಗುಳುತ್ತದೆ. ಬಿಳಿಮೀನಿನ ಬಾಯಿಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಆ ಗಂಟಲುಹಲ್ಲಿನಿಂದ ಏಡಿಯ ಚಿಪ್ಪನ್ನು ಪುಡಿಮಾಡುವ ಮೀನಿಗೆ ಉಕ್ಕಿನ ಗಾಳವನ್ನು ಚಪ್ಪಟೆ ಮಾಡುವುದೂ ಕಷ್ಟವಲ್ಲ. ಮಂಡ್ಯದ ಸೀಮೆಯ ಮುದ್ದೆಯನ್ನು ಮೆಚ್ಚಿದ ಮೀನು ಎಂದ ಮೇಲೆ ಅದು ನಮ್ಮದೇ ಮೀನು ಎನ್ನುವುದರಲ್ಲಿ ಸಂದೇಹವೇನು?

ಆ ದಿನ ಕೇಳಿದ ಫಜೀತಿಗಳನ್ನೆಲ್ಲ ಬರೆದರೆ ಒಂದು ಧಾರಾವಾಹಿಯೇ ಆದೀತು. ಅವರು ಈ ವೃತ್ತಿಗೆ ಇಳಿದ ಮೊದಲ ವಾರದಲ್ಲಿಯೇ ಒಬ್ಬ ಬಿಳಿಯ ದೊರೆ ಭರದಿಂದ ಬೀಸಿದ ಗಾಳ ನೀರಿಗೆ ಹೋಗದೆ ಹಿಂದೆ ನಿಂತಿದ್ದ ಇವರ ಕಿವಿಯನ್ನೇ ಹಿಡಿಯಿತು. ಗಾಳ ಪೊದೆಗೆ ಸಿಕ್ಕಿತೆಂದು ತಿಳಿದ ದೊರೆ ಹಿಂದೆ ತಿರುಗದೆಯೇ ಎಳೆದನು. “ನಂಗೆ ಆಗ ಬರ್ತಿದ್ದ ಇಂಗ್ಲೀಸು ಎರಡೇ ಮಾತು: ಎಸ್, ಥ್ಯಾಂಕ್ಯೂ. ಎಳೆದಾಗಲೆಲ್ಲ ‘ಎಸ್, ಎಸ್’ ಅಂತ ಕೂಗ್ದೆ. ಅವ್ನು ಇನ್ನೂ ಜೋರಾಗಿ ಎಳೆದ!” ಎಂದು ಅವರು ಕಿವಿಯ ಹಳೆಯ ಗಾಯವನ್ನು ತೋರಿಸಿದರು. ಇನ್ನೊಮ್ಮೆ ಕೋತಿಗಳು ಬುತ್ತಿಯನ್ನು ಬಿಟ್ಟು ಮೀನಿನ ಮುದ್ದೆಗಳನ್ನು ಹೊತ್ತುಕೊಂಡು ಹೋದವು. ಮತ್ತೊಮ್ಮೆ ಬಂಡೆಯ ಸಂದಿಗೆ ಸಿಕ್ಕಿದ ದಾರವನ್ನು ಬಿಡಿಸಲು ಮುಳುಗಿದಾಗ, ಪಕ್ಕದ ಬಂಡೆಯೆಂದು ಕೈಯಿಟ್ಟದ್ದು ಮೊಸಳೆಯ ಬೆನ್ನು! “ಅದೂ ಹೆದರ್ತು, ನಾನೂ ಹೆದರ್ದೆ. ಇಬ್ರೂ ಒಂದೊಂದು ದಡಕ್ಕೆ ಓಡ್ದೊ.”

ಎಲ್ಲಕ್ಕಿಂತ ದೊಡ್ಡ ಕಥೆ ಒಂದು ರಾತ್ರಿಯದು. ಎಂಬತ್ತರ ದಶಕದ ಆರಂಭದ ಮಾತು. ಸಂಜೆ ಸೂರ್ಯ ಗುಡ್ಡಕ್ಕೆ ತಾಗುವ ಹೊತ್ತಿನಲ್ಲಿ ಅವರ ಹರಿಗೋಲಿನಲ್ಲಿದ್ದ ಅತಿಥಿಯ ದಾರವನ್ನು ಏನೋ ಒಂದು ಹಿಡಿದು ಹೊರಟಿತು. ರೀಲು ಕಿರುಚಿತು, ಇನ್ನೂರು ಗಜ ದಾರ ಕಣ್ಣೆದುರಿಗೇ ಕರಗಿತು. ದಾರ ಮುಗಿದ ಮೇಲೆ ಹರಿಗೋಲೇ ಮೀನಿನ ಹಿಂದೆ ಹೊರಟಿತು. ಅತಿಥಿಯ ಟೋಪಿ ಹೋಯಿತು, ಕನ್ನಡಕ ಹೋಯಿತು. ಕೋಲನ್ನು ಮಾತ್ರ ಬಿಡಲಿಲ್ಲ. ಹರಿಗೋಲು ಬುಗುರಿಯಂತೆ ತಿರುಗುತ್ತ ಎರಡು ಇಳಿಜಾರುಗಳನ್ನು ದಾಟಿತು. ಮೂರನೆಯದರಲ್ಲಿ ಹುಟ್ಟು ಮುರಿದು, ನದಿಯ ನಡುವಿನ ಬಂಡೆಯೊಂದಕ್ಕೆ ಇಬ್ಬರೂ ಬಡಿದು ನಿಂತರು. ಮೀನೂ ದಣಿದಿತ್ತು. ತಾತನವರು ನೀರಿಗಿಳಿದು ಅದರ ಬಾಯಿಗೆ ಹಗ್ಗ ತೊಡಿಸಿ ಬಂಡೆಯ ಮರೆಯ ನೀರಿನಲ್ಲಿ ನಿಲ್ಲಿಸಿದರು.

ಅಷ್ಟರಲ್ಲಿ ಕತ್ತಲಾಯಿತು. ದಡದಲ್ಲಿ ಬಿದಿರು ಮುರಿದ ಸದ್ದು. ಆನೆಗಳ ಹಿಂಡು ನೀರಿಗೆ ಬಂದಿತ್ತು. ಆಚೆಯ ದಡಕ್ಕೆ ಹೋಗೋಣವೆಂದರೆ ಅಲ್ಲಿಯೂ ಒಂದು ಒಂಟಿಸಲಗ. ಮಾತು ತಿಳಿಯದ ಇಬ್ಬರು ಮನುಷ್ಯರೂ ಒಂದು ಮೀನೂ ಇಡೀ ರಾತ್ರಿ ಆ ಬಂಡೆಯ ಬಳಿ ಕಳೆದರು. ಹಸಿವು ತಾಳಲಾರದಾದಾಗ ಮೀನಿಗೆಂದು ತಂದ ಮಸಾಲೆ ಮುದ್ದೆಯನ್ನೇ ಹಂಚಿಕೊಂಡು ಉಂಡರು. “ದೊರೆ ಒಂದ್ ತುತ್ತು ತಿಂದು, ಮೀನಿನ ಕಡೆ ತಿರುಗಿ ‘ಥ್ಯಾಂಕ್ಯೂ’ ಅಂದ” ಎಂದು ತಾತನವರು ನಕ್ಕರು.

ಬೆಳಗಾಗುತ್ತಲೇ ಮೀನನ್ನು ತೂಗಿದರು. ತಕ್ಕಡಿಯ ಮುಳ್ಳು ಎಂಬತ್ತು ಪೌಂಡನ್ನು ದಾಟಿ ನಿಂತಿತು. ಮುಂದೆ ಆ ಅತಿಥಿ ಮಾಡಿದ್ದು ತಾತನವರಿಗೆ ಆಗ ಅರ್ಥವಾಗಲಿಲ್ಲವಂತೆ. ಅವನು ಸೊಂಟದವರೆಗಿನ ನೀರಿನಲ್ಲಿ ನಿಂತು, ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಕಿವಿರುಗಳು ಸರಾಗವಾಗಿ ಆಡುವವರೆಗೆ ಕಾದನು. ಅರ್ಧ ಗಂಟೆಗೂ ಮೇಲೆ ಹಾಗೆಯೇ ನಿಂತಿದ್ದನು. ಬಾಲ ಒಮ್ಮೆ ಬಲವಾಗಿ ಬೀಸಿತು; ಮೀನು ಹೋಯಿತು. ಒಂದು ರಾತ್ರಿಯ ಪ್ರಾಣಸಂಕಟದ ಫಲವನ್ನು ಕೈಯಾರೆ ನೀರಿಗೆ ಬಿಟ್ಟವನನ್ನು ನೋಡಿ, ಇವನಿಗೆ ಬುದ್ಧಿ ನೆಟ್ಟಗಿಲ್ಲವೆಂದುಕೊಂಡರಂತೆ.

ಇಲ್ಲಿ ತಾತನವರು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು. ಆಗ ನಾನು ಬೆಳಗಿನಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ: “ಯಜಮಾನರೇ, ಆ ಬೆರಳುಗಳು?”

“ಮೊಸಳೆ ತಿಂತು ಅಂತ ಒಬ್ರಿಗೆ ಹೇಳಿದೀನಿ. ಮೀನಿನ ಗಂಟ್ಲಲ್ಲಿ ಹೋದೊ ಅಂತ ಇನ್ನೊಬ್ರಿಗೆ. ನೀವು ನಮ್ ಹುಡುಗನ ಮೇಷ್ಟ್ರು, ನಿಮ್ಗೆ ಸುಳ್ಳು ಹೇಳಬಾರ್ದು” ಎಂದು ಅವರು ಎಡಗೈಯನ್ನು ಮಡಿಲಿನಿಂದ ಮೇಲೆತ್ತಿದರು.

ಈ ಕೆಲಸಕ್ಕೆ ಬರುವ ಮುಂಚೆ, ಇಪ್ಪತ್ತರ ಪ್ರಾಯದಲ್ಲಿ, ಅವರು ತೋಟೆ ಹಾಕುವವರ ಗುಂಪಿನಲ್ಲಿದ್ದರು. ಕಲ್ಲು ಒಡೆಯುವ ಕಡೆಯಿಂದ ಸಿಡಿಮದ್ದು ತಂದು, ಬತ್ತಿ ಹೊತ್ತಿಸಿ ಮಡುವಿಗೆ ಎಸೆದರೆ ಸಾಕು, ದೊಡ್ಡದು ಚಿಕ್ಕದು ಎನ್ನದೆ ಎಲ್ಲ ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹೊತ್ತಷ್ಟನ್ನು ಸಂತೆಗೆ ಒಯ್ಯುವುದು. ಹೊರಲಾರದ್ದು ಅಲ್ಲಿಯೇ ಕೊಳೆಯುವುದು. ಒಂದು ದಿನ ಬತ್ತಿ ಗಿಡ್ಡವಾಗಿತ್ತು. ಎರಡು ಬೆರಳು ಹೋದವು. “ಬೆರಳು ಹೋದದ್ದಕ್ಕೆ ಅವತ್ತು ಅತ್ತೆ ಮೇಷ್ಟ್ರೇ. ಮೀನಿಗೋಸ್ಕರ ಅಳ್ಲಿಲ್ಲ. ಆ ಬಂಡೆ ಮೇಲಿನ ರಾತ್ರಿ ಕಳೆದು, ಆ ಮನುಷ್ಯ ಮೀನನ್ನ ಮಗೀನಂಗೆ ಹಿಡ್ಕೊಂಡು ನಿಂತಿದ್ದನ್ನ ನೆನೆಸ್ಕೊಂಡಾಗ್ಲೆಲ್ಲ ಮಾತ್ರ ಹೊಟ್ಟೆ ಉರೀತದೆ. ಒಂದ್ ತೋಟೆಗೆ ಅಂಥವು ಎಷ್ಟು ಸತ್ತಿದ್ದೊ!”

೧೯೭೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರು ಬಿಳಿಮೀನನ್ನು ಹುಡುಕಿಕೊಂಡು ಈ ಹೊಳೆಗೆ ಬಂದರು. ಅವರ ಹಿಂದೆ ಇನ್ನಷ್ಟು ಮಂದಿ ಬಂದರು. ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳಾದವು. ಹಿಡಿದ ಮೀನನ್ನು ತೂಗಿ ಮರಳಿ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆಯಾಯಿತು. ತೋಟೆ ಹಾಕುತ್ತಿದ್ದ ಕೈಗಳೇ ದಾರಿ ತೋರಿಸುವ ಕೈಗಳಾದವು. ಸತ್ತ ಮೀನು ಒಂದೇ ದಿನದ ಸಂತೆ. ಬದುಕಿದ ಮೀನು ವರ್ಷವರ್ಷವೂ ಕೂಲಿ ಕೊಡುವ ಒಡತಿ ಎಂಬ ಲೆಕ್ಕ ಊರಿನವರಿಗೆ ತಿಳಿಯಿತು. ರಾತ್ರಿ ಸದ್ದು ಕೇಳಿದರೆ ದಡದಲ್ಲಿ ಓಡುವವರು ಈಗ ಇವರೇ ಆದರು.

ಈ ಪ್ರದೇಶ ೧೯೮೭ರಲ್ಲಿ ಕಾವೇರಿ ವನ್ಯಧಾಮವಾಯಿತು. ವನ್ಯಧಾಮದಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ ಎಂಬುದು ಕಾನೂನು; ಮೀನನ್ನು ಮರಳಿ ಬಿಟ್ಟರೂ ಗಾಳ ಗಾಳವೇ. ೨೦೧೨ರ ವೇಳೆಗೆ ಇಲ್ಲಿ ಗಾಳ ಹಾಕುವುದು ನಿಂತಿತು. ಕಾನೂನಿನ ಮಾತನ್ನು ನಾನು ಅಲ್ಲಗಳೆಯಲಾರೆ. ತಾತನವರೂ ಅಲ್ಲಗಳೆಯಲಿಲ್ಲ. “ಮೀನಿಗೆ ನೋವಾಯ್ತದೆ, ನಿಜ. ಆದ್ರೆ ದಡದಲ್ಲಿ ಕೂತಿರೋನು ಎದ್ದೋದ್ರೆ, ಆ ಜಾಗಕ್ಕೆ ಯಾರು ಬತ್ತಾರೆ ಅಂತ ಯಾರೂ ಕೇಳ್ಲಿಲ್ಲ” ಎಂದಷ್ಟೇ ಅಂದರು.

ನನ್ನ ಮಿತ್ರರು ಇನ್ನೊಂದು ವಿಷಯವನ್ನು ಸೇರಿಸಿದರು. ಮೀನು ಹೆಚ್ಚಲೆಂಬ ಸದುದ್ದೇಶದಿಂದ, ಮಹಾರಾಷ್ಟ್ರದ ಲೋಣಾವಳದಲ್ಲಿ ಕೃತಕವಾಗಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಶೀರಿನ ಮರಿಗಳನ್ನು ದೇಶದ ಹಲವು ನದಿಗಳಿಗೆ ಬಿಡಲಾಯಿತು; ಕಾವೇರಿಗೂ ಆ ಜಾತಿ ಬಂದಿತು. ಹೊಸಬರ ಸಂತಾನ ಬೆಳೆಯಿತು, ಡುಬ್ಬದ ಬಿಳಿಮೀನು ಇಳಿಯುತ್ತ ಹೋಯಿತು. ಗಾಳಿಬೋರೆಯ ಗಾಳಗಾರರು ೧೯೯೮ರಿಂದ ಬರೆದಿಟ್ಟಿದ್ದ ತೂಕದ ಪುಸ್ತಕಗಳಿಂದಲೇ ವಿಜ್ಞಾನಿಗಳಿಗೆ ಈ ಇಳಿಮುಖ ತಿಳಿದುಬಂದದ್ದು. ಇಷ್ಟು ಪ್ರಸಿದ್ಧವಾದ ಈ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರು ದೊರೆತದ್ದು ೨೦೧೮ರಲ್ಲಿ: ‘ಟೋರ್ ರೆಮದೇವಿ’. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಯನ್ನೂ ಸೇರಿತು. ನಾಮಕರಣಕ್ಕೂ ಮರಣಶಯ್ಯೆಗೂ ಒಂದೇ ಮುಹೂರ್ತ!

ಶೃಂಗೇರಿಯ ತುಂಗೆಯಲ್ಲಿ, ಇದೇ ಕಾವೇರಿಯ ರಾಮನಾಥಪುರದಲ್ಲಿ ಜನ ಮೀನನ್ನು ದೇವರದೆಂದು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಗುಡಿಯ ಭಯ ಕಾವಲಾಗಿದೆ. ಇಲ್ಲಿ ಕೆಲವು ವರ್ಷ ಹೊಟ್ಟೆಯ ಋಣ ಕಾವಲಾಗಿತ್ತು.

ಬಿಸಿಲು ಇಳಿದ ಮೇಲೆ ತಾತನವರು ನಮ್ಮನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಒಂದು ಮಡುವಿಗೆ ಕರೆದೊಯ್ದರು. ನೀರು ಹಸಿರಾಗಿ, ಆಳವಾಗಿ, ನಿಶ್ಶಬ್ದವಾಗಿತ್ತು. ದೂರದ ಬಂಡೆಯ ಮೇಲೆ ನೀರುನಾಯಿಗಳು ಮೈ ಒಣಗಿಸಿಕೊಳ್ಳುತ್ತಿದ್ದವು. ಅವರು ಹುಟ್ಟನ್ನು ಅಡ್ಡವಿಟ್ಟು, ಬಾಳೆಯೆಲೆಯ ಉಂಡೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ಗಾಳವಿಲ್ಲ, ದಾರವಿಲ್ಲ.

“ಇನ್ನೂ ಇದಾವೆಯೆ?” ಎಂದೆ.

“ಡುಬ್ಬದೋಳ್ನ ನೋಡಿ ಎಂಟು ವರ್ಷ ಆಯ್ತು. ಇದ್ರೆ ತಿನ್ಲಿ” ಎಂದರು. ಚಿಕ್ಕ ಮೀನುಗಳು ಬಂದು ಮುತ್ತಿದವು. ಕೆಳಗೆ ಆಳದಲ್ಲಿ ಏನೂ ಕಾಣಲಿಲ್ಲ. ನಾವು ಮೂವರೂ ಬಹಳ ಹೊತ್ತು ಅಲ್ಲಿಯೇ ನೋಡುತ್ತ ಕುಳಿತಿದ್ದೆವು.

ಊರಿಗೆ ಹಿಂದಿರುಗಿದ ಮೇಲೆ ಆ ಪಾಠ ಮತ್ತೆ ಬಂದಿತು. ಮೊದಲು ಮೀನನ್ನು ಉಣಿಸಿ ಒಲಿಸಿಕೊಳ್ಳಬೇಕು, ಆಮೇಲೆ ಗಾಳ ಹಾಕಬೇಕು ಎಂದು ಸೋಮೇಶ್ವರ ಮಹಾರಾಜನು ಹೇಳಿದ್ದಾನೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನು ನನ್ನನ್ನೇ ನೋಡುತ್ತಿದ್ದನು. “ನಿನ್ನ ತಾತನವರಿಗೆ ಇದೆಲ್ಲ ಗೊತ್ತಪ್ಪ” ಎಂದೆ. “ರಾಜನ ಪಾಠದ ಎರಡನೆಯ ಭಾಗವನ್ನು ಮಾತ್ರ ಅವರು ಬಿಟ್ಟುಬಿಟ್ಟಿದ್ದಾರೆ.”

ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.