ಬಟ್ಟು ಮಾಡಬ್ಯಾಡ್ರಿ

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ನಮ್ಮ ಆಯಿಯ ಕುಂಬಳಬಳ್ಳಿಗೆ ಇಬ್ಬರು ವೈರಿಗಳು: ಒಂದು ಕೆಂಪು ಹುಳ, ಇನ್ನೊಂದು ಮಂದಿಯ ಬಟ್ಟು. ಹುಳಕ್ಕೆ ಮದ್ದಿತ್ತು. ಬಟ್ಟಿಗೆ ಇದ್ದದ್ದು ಬೈಗುಳ. "ಏ ಖೋಡಿ, ಮಿಡಿಗೆ ಬಟ್ಟು ಮಾಡಬ್ಯಾಡೋ, ಕೊಳಿತೈತಿ! ತೋರ್ಸೂದಿದ್ರ ಮಡಚಿ ತೋರ್ಸು." ಹೀಗಾಗಿ ನಮ್ಮ ಮನೆಯ ಹುಡುಗರೆಲ್ಲ ಹಿತ್ತಲಕ್ಕೆ ಕಾಲಿಟ್ಟ ಕೂಡಲೇ ಮುಷ್ಟಿ ಬಿಗಿಹಿಡಿಯುತ್ತಿದ್ದೆವು. ನೋಡಿದವರು ಯಾರ ಜೊತೆಗೋ ಜಗಳಕ್ಕೆ ಹೊರಟಿದ್ದೇವೆ ಅಂದುಕೊಳ್ಳಬೇಕು.

ಮಿರಗದ ಮಳೆಗೆ ಎರಿ ಮಣ್ಣು ಹದವಾದ ಮೇಲೆ ತಿಪ್ಪಿಯ ಬಗಲಿಗೆ ಬೀಜ ಊರುವುದು. ದಪ್ಪನೆಯ ಎರಡು ಎಲೆ ಬಿಚ್ಚಿಕೊಳ್ಳುವ ಹೊತ್ತಿಗೆ ಕಿತ್ತಳೆಗೆಂಪು ಬಣ್ಣದ ದುಂಬಿಗಳು ಹಾಜರು. ಬೆನ್ನು ಥಳಥಳ, ಬಾಯಿ ಸುಮ್ಮನಿರದು; ಎಲೆಯ ತುಂಬ ತೂತು. ನಸುಕಿನ ತಂಪಿಗೆ ಅವು ಮಂಕಾಗಿರುತ್ತವೆ, ಹಾರುವುದಿಲ್ಲ. ಆಯಿ ಆಗಲೇ ಎದ್ದು ಒಂದೊಂದನ್ನೇ ಹಿಡಿದು ಚಿಮಣಿ ಎಣ್ಣೆ ಬೆರೆಸಿದ ನೀರಿನ ಡಬ್ಬಿಗೆ ಹಾಕುತ್ತಿದ್ದಳು. ಇಬ್ಬನಿ ಆರುವ ಮುಂಚೆ, ಹತ್ತಿಕಟಿಗಿ, ಕುಳ್ಳು ಉರಿಸಿದ ಒಲೆಯ ಬೂದಿಯನ್ನು ಸೋಸಿ ಎಲೆಯ ಮೇಲೆ ಉದುರಿಸುತ್ತಿದ್ದಳು. ಒದ್ದೆ ಎಲೆಗೆ ಬೂದಿ ಹತ್ತಿಕೊಂಡರೆ ದುಂಬಿ ಬಾಯಿ ಹಾಕಲು ಹಿಂದೆಮುಂದೆ ನೋಡುತ್ತದೆ. ಬಳ್ಳಿ ಹಬ್ಬಲು ಹತ್ತಿದರೆ ಅರ್ಧ ಗೆದ್ದಂತೆಯೇ. ಈಗ ಬೂದಿಗೂ ಬರ. ಸಿಲಿಂಡರು ರೊಟ್ಟಿ ಬೇಯಿಸಿ ಕೊಡುತ್ತದೆ, ಬೂದಿ ಕೊಡುವುದಿಲ್ಲ.

ಒಂದು ವರ್ಷ ಕಾಕಾ ಇಷ್ಟೆಲ್ಲ ತ್ರಾಸು ಯಾಕೆಂದು ಬಿಎಚ್‌ಸಿ ಪುಡಿ ತಂದು ಮುಂಜಾನೆಯೇ ಉದುರಿಸಿದರು. 1997ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅಲ್ಲಿಯವರೆಗೆ ಅದು ಮನೆಮನೆಯ ಪುಡಿಯೇ. ದುಂಬಿ ಸತ್ತವು, ಜೊತೆಗೆ ಜೇನೂ ಸತ್ತವು. ಕುಂಬಳದ ಹೂ ಬಿಚ್ಚುವುದು ನಸುಕಿನಲ್ಲಿ, ಮಧ್ಯಾಹ್ನದೊಳಗೆ ಮುದುಡಿ ಕೂರುತ್ತದೆ. ಆ ಕೆಲವೇ ತಾಸಿನಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಜೇನು ಮುಟ್ಟಿಸದಿದ್ದರೆ ಬುಡದ ಮಿಡಿ ಹಳದಿಯಾಗಿ ಉದುರುತ್ತದೆ. ಉದುರಿತು. ಆಯಿಯ ತೀರ್ಪು ಸಿದ್ಧವಿತ್ತು: "ಯಾರೋ ಬಟ್ಟು ಮಾಡ್ಯಾರ."

ಆ 'ಯಾರೋ' ಪಟ್ಟಿ ಉದ್ದವಿತ್ತು. ಯಲ್ಲಮ್ಮನ ಗುಡ್ಡಕ್ಕೆ ಹೊರಟು ನೀರು ಕುಡಿಯಲು ನಿಂತವರು, ಬಳೆಗಾರ, ಅಂಚೆಯವ. ಬಾಜೂಮನಿ ಮಾವಶಿಯಂತೂ ಕಾಯಂ ಆರೋಪಿ. ಪಾಪ, ಕುಂಬಳಕಾಯಿ ಅಂದರೆ ಸಾಕು, ಅವರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒಂದು ಹಂಗಾಮು ಪೂರ್ತಿ ನಮ್ಮ ಹಿತ್ತಲ ತುಳಿಯಲಿಲ್ಲ. ಆ ಹಂಗಾಮಿನಲ್ಲೂ ಕಾಯಿ ಕೊಳೆತವು. ದೂರದಿಂದ ಬಟ್ಟು ಮಾಡಿದರೂ ತಾಗುತ್ತದೆಂದು ಆಯಿ ಕಾನೂನು ತಿದ್ದಿದಳು.

ನಿಜವಾದ ಆರೋಪಿಯನ್ನು ನಾನು ಕಂಡದ್ದು ಆಯಿ ಹೋದ ಎಷ್ಟೋ ವರ್ಷಗಳ ನಂತರ. ಉದುರಿದ ಮಿಡಿಯೊಂದನ್ನು ಎತ್ತಿ ನೋಡಿದರೆ ಮೈಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಅಲ್ಲಿ ಅಂಟು ಜಿನುಗಿ ಗಟ್ಟಿಯಾಗಿತ್ತು. ಈಳಿಗೆಗೆ ಕೊಟ್ಟರೆ ಒಳಗೆ ಬಿಳಿ ಹುಳಗಳು. ಒಂದೆರಡು ಮೈ ಮಡಚಿ ಟಣ್ಣನೆ ಜಿಗಿದವು! ಹಣ್ಣಿನ ನೊಣದ ಮರಿಗಳು. ತಾಯಿ ನೊಣ ಎಳೆಗಾಯಿಗೆ ಚುಚ್ಚಿ ತತ್ತಿ ಇಡುತ್ತದೆ. ಮರಿ ತಿರುಳು ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಬಟ್ಟು ಮಾಡಿದ್ದು ಖರೆ, ಮಾಡಿದವಳು ಆ ತಾಯಿ. ಕೊಳೆತದ್ದನ್ನು ನಾವು ತಿಪ್ಪಿಗೆ ಎಸೆಯುತ್ತಿದ್ದೆವಲ್ಲ, ಅದು ಆಕೆಯ ಮಕ್ಕಳಿಗೆ ಪುಕ್ಕಟೆ ಬಾಣಂತನ ಮಾಡಿದಂತೆ. ಉದುರಿದ್ದನ್ನು ದಿನಾ ಆರಿಸಿ ಆಳವಾಗಿ ಹುಗಿಯಬೇಕು, ಬುಡದ ಮಣ್ಣು ಕೆದರಿ ಕೋಶಗಳನ್ನು ಬಿಸಿಲಿಗೆ ಹಾಕಬೇಕು. ಆಯಿಗೆ ಹೇಳಿದ್ದರೆ ಒಪ್ಪುತ್ತಿದ್ದಳೇ? "ನೊಣಕ್ಕ ದಾರಿ ತೋರ್ಸಿದವ್ರು ಯಾರು?" ಎಂದು ಕೇಳುತ್ತಿದ್ದಳು.

ಧಾರವಾಡದ ಕೃಷಿ ಮೇಳದಿಂದ ಮೋಹಕ ಬಲೆ ತಂದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ 'ಕ್ಯೂ ಲ್ಯೂರ್' ವಾಸನೆ. ಮಾವಿನ ನೊಣಕ್ಕೆ ಬೇರೆಯದೇ ವಾಸನೆ ಬೇಕಂತೆ, ಅವುಗಳಿಗೂ ರುಚಿಭೇದ. ಬರುವುದು ಗಂಡು ಮಾತ್ರ, ಬಂದವು ಹೊರಳಿ ಹೋಗುವುದಿಲ್ಲ. ಆದರೆ ಒಂದೇ ಹಿತ್ತಲದಲ್ಲಿ ಕಟ್ಟಿದರೆ ಸಾಲದು, ಓಣಿಯೇ ಕಟ್ಟಬೇಕು. ಜಪಾನಿನ ಓಕಿನಾವಾದವರು ಇದೇ ನೊಣದ ದೆಸೆಯಿಂದ ತಮ್ಮ ಹಾಗಲಕಾಯಿಯನ್ನು ದೇಶದ ಉಳಿದ ಕಡೆ ಮಾರಲಾಗದೆ, 1972ರಿಂದ ದ್ವೀಪಕ್ಕೆ ದ್ವೀಪವನ್ನೇ ಹಿಡಿದು ಕೆಲಸಕ್ಕೆ ನಿಂತರು. ವಿಕಿರಣದಿಂದ ಸಂತಾನಶಕ್ತಿ ತೆಗೆದ ಅಳಿಯಂದಿರನ್ನು ಕೋಟಿಗಟ್ಟಲೆ ಹಾರಿಬಿಟ್ಟು, 1993ಕ್ಕೆ ಅದರ ವಂಶವನ್ನೇ ಅಲ್ಲಿಂದ ಅಳಿಸಿದರು. ನಮ್ಮ ಓಣಿಯಲ್ಲಿ ಚರಂಡಿ ಬಳಿಯಲಿಕ್ಕೇ ಒಮ್ಮತವಿಲ್ಲ.

ಚಪ್ಪರಕ್ಕೆ ತೂಗುವ ಡಬ್ಬಿಯನ್ನು ಮಾವಶಿಯ ಸೊಸೆ ಕಾಂಪೌಂಡಿನ ಆಚೆಯಿಂದ ಬಹಳ ಹೊತ್ತು ನೋಡಿದರು. ಕೈ ಸೆರಗಿನೊಳಗೇ ಇತ್ತು.

"ದೃಷ್ಟಿಗೆ ಕಟ್ಟೀರೇನ್ರಿ ಅಣ್ಣಾರ? ನಮ್ಮ ಹೊಸಾ ಮನಿಗೂ ಒಂದ ತಂದ್ಕೊಡ್ರಿ."

ಅವರ ಹಿತ್ತಲದಲ್ಲೂ ಹೀರೆ, ಹಾಗಲ ಹಬ್ಬಿವೆ. ನಾನು ಹ್ಞೂಂ ಅಂದು ಎರಡು ತಂದುಕೊಟ್ಟೆ. ದೃಷ್ಟಿಗೆ ಹಿತ್ತಲ ಬಾಗಿಲೇ ಮುಖ್ಯ ಎಂದೂ ಸೇರಿಸಿದೆ.