ಬೋರ್‌ವೆಲ್ ನೀರಿನ ಕಾಫಿ

ಹಾಲಿಲ್ಲದ ಕಾಫಿಗೆ ಅವ್ವ ಕಷಾಯ ಅನ್ನುತ್ತಾಳೆ. ಬೆಂಗಳೂರಿನ ರೂಮಿನಲ್ಲಿ ಚೆನ್ನಾಗಿ ಬರುತ್ತಿದ್ದ ನನ್ನ ಪೋರ್ ಓವರ್, ಕಡೂರಿನ ಮನೆಯಲ್ಲಿ ಮಾತ್ರ ಸಪ್ಪೆ. ಪುಡಿ ಅದೇ, ಚಿಕೋರಿ ಇಲ್ಲದ ಅರೇಬಿಕಾ, ರವೆಯಂಥ ತರಿ, 15 ಗ್ರಾಂ. ಕುದಿ ಇಳಿದ ನೀರು 250 ಮಿಲಿ. ಮೊದಲು ಪುಡಿ ನೆನೆಯುವಷ್ಟು ಸುರಿದು 30 ಸೆಕೆಂಡ್ ಕಾಯುವುದು, ಆಮೇಲೆ ಉಳಿದದ್ದನ್ನು ನಿಧಾನಕ್ಕೆ ಬಿಡುವುದು. ಕೈ ತಪ್ಪುತ್ತಿದೆ ಅಂದುಕೊಂಡು ವಾರವೆಲ್ಲ ಪುಡಿ ಹಾಳು ಮಾಡಿದೆ.

ಕೆಟಲ್ ತಳದ ಬಿಳಿ ಪರೆ ಕಂಡಾಗ ಹೊಳೆಯಿತು. ಬೋರ್‌ವೆಲ್ಲಿನ ಗಡಸು ನೀರಿನ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ನುಂಗಿಬಿಡುತ್ತದೆ. ಹಾಲು, ಚಿಕೋರಿ ಬೆರೆತ ಫಿಲ್ಟರ್ ಕಾಫಿಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮ ಬಯಲುಸೀಮೆಗೆ ಆ ಕಾಫಿ ಒಗ್ಗಿದ್ದು ಸುಮ್ಮನೆ ಅಲ್ಲವೇನೋ.

ಆ ಸಂಜೆ ಮಳೆ ಬಂತು. ಹಿಡಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿ, ಕುದಿಸಿ ಮತ್ತೆ ಮಾಡಿದೆ. ಅವ್ವ ಹುಡುಗಿಯಾಗಿದ್ದಾಗ ಅಜ್ಜಂಪುರದ ಕಡೆಯಿಂದ ಕಾಫಿ ಹಣ್ಣು ಕುಯ್ಯಲು ಘಟ್ಟಕ್ಕೆ ಹೋಗುತ್ತಿದ್ದವಳು. ಒಂದು ಗುಟುಕು ಕುಡಿದು ಸುಮ್ಮನಾದಳು.

“ಹಣ್ಣು ಚೀಪ್ದಂಗೈತೆ ಕಣೋ. ಮೇಸ್ತ್ರಿ ಕಣ್ಣು ತಪ್ಪಿಸಿ ಚೀಪ್ತಿದ್ವಿ, ಬಾಯಾರಿದಾಗ.”

ಇಷ್ಟು ವರ್ಷ ಅವಳು ಈ ಮಾತು ಹೇಳಿರಲಿಲ್ಲ. ಉಳಿದ ಕಾಫಿಗೆ ಹಾಲು ಬಿಟ್ಟುಕೊಂಡು ಕುಡಿದಳು.